ಪಾಕದವನ ಹೂಂ

"ಗುರುಗಳೇ, ಇನ್ನೊಬ್ಬನನ್ನು ಮುಂದಾಳಾಗಿ ಬೆಳೆಸುವುದು ಹೇಗೆ?"

ಮರುಳಯ್ಯ ಇದನ್ನು ಕೇಳಿದ್ದು ನಿಂತುಕೊಂಡೇ. ಕೂತರೆ ಮತ್ತೆ ಏಳುವುದು ಕಷ್ಟವೆಂದು ಅವನಿಗೆ ಗೊತ್ತಿತ್ತು. ಬೆಳಗಿನಿಂದ ಒಲೆಯ ಮುಂದಿದ್ದು ಕಣ್ಣು ಕೆಂಪಾಗಿತ್ತು, ಹೆಗಲ ಮೇಲಿನ ವಸ್ತ್ರ ಬೆವರಿಗೆ ಒದ್ದೆಯಾಗಿತ್ತು.

ಅವನು ಮಠದ ಅಡುಗೆಮನೆಯ ಮುಖ್ಯಸ್ಥ. ಬಂದವರಿಗೆಲ್ಲ ಊಟ ಹಾಕುವ ಮಠ ಅದು. ಅಲ್ಲಿಯ ಒಲೆ ಆರಿದ್ದನ್ನು ಕಂಡವರಿಲ್ಲ. ಆದರೆ ಮರುಳಯ್ಯ ಮಠಕ್ಕೆ ಬಂದದ್ದು ಸೌಟು ಹಿಡಿಯುವುದಕ್ಕಲ್ಲ, ಓದುವುದಕ್ಕೆ. ಅಡುಗೆಯವರು ಜ್ವರ ಬಂದು ಮಲಗಿದ ದಿನ ಯಾರೋ ಅವನ ಕೈಗೆ ಸೌಟು ಕೊಟ್ಟು, ಸ್ವಲ್ಪ ಹೊತ್ತು ನೋಡಿಕೊಂಡಿರು ಎಂದಿದ್ದರು. ಆ ಸ್ವಲ್ಪ ಹೊತ್ತು ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ತಲೆ ನರೆತಿತ್ತು.

ಬೆಟ್ಟದ ಮೇಲೆ ಮಠಕ್ಕೆ ಸೇರಿದ ಒಂದು ಕೋಣೆಯಿತ್ತು. ಅಲ್ಲಿಗೆ ಹೋಗಿ, ಬಿಟ್ಟ ಓದನ್ನು ಮತ್ತೆ ಹಿಡಿದು, ಉಳಿದ ದಿನಗಳನ್ನು ಸದ್ದಿಲ್ಲದೆ ಕಳೆಯಬೇಕೆಂಬುದು ಅವನ ಒಂದೇ ಆಸೆ. ಗುರುಗಳು ಬೇಡವೆಂದಿರಲಿಲ್ಲ. ನಿನ್ನ ಜಾಗಕ್ಕೆ ಒಬ್ಬ ತಯಾರಾದ ದಿನ ಹೊರಡು ಎಂದಿದ್ದರು. ಆ ಒಬ್ಬ ತಯಾರಾಗಲೇ ಇಲ್ಲ.

"ನನ್ನ ಕೈಕೆಳಗಿನವರು ಕೆಲಸ ಬಾರದವರಲ್ಲ ಗುರುಗಳೇ," ಎಂದ ಮರುಳಯ್ಯ. "ಎಲ್ಲರಿಗೂ ಎಲ್ಲವೂ ಬರುತ್ತದೆ. ಆದರೆ ಒಬ್ಬನೂ ತಾನಾಗಿ ಮುಂದೆ ಬರುವುದಿಲ್ಲ. ಉಪ್ಪು ಹಾಕಲೇ ಎಂದು ನನ್ನನ್ನೇ ಕೇಳುತ್ತಾರೆ. ಹಾಕಿದ ಮೇಲೆ ಸಾಕೇ ಎಂದೂ ನನ್ನನ್ನೇ ಕೇಳುತ್ತಾರೆ. ಒಳ್ಳೆಯ ಮಾತಿನಲ್ಲಿ ಹೇಳಿದೆ, ಬೈದೆ, ಹೊಣೆ ಎಂದರೇನು ಎಂದು ಕೂರಿಸಿಕೊಂಡು ಪಾಠವನ್ನೂ ಮಾಡಿದೆ. ತಲೆಯಾಡಿಸುತ್ತಾರೆ. ಮರುದಿನ ಮತ್ತೆ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ನನಗೆ ಸಾಕಾಗಿಹೋಗಿದೆ. ನನ್ನನ್ನು ಬಿಡುಗಡೆ ಮಾಡಿ."

ಗುರುಗಳು ಚಾಪೆಯ ತುದಿಯನ್ನು ಕೈಯಿಂದ ತಟ್ಟಿ ತೋರಿಸಿದರು.

"ಕೂತುಕೋ. ಒಂದು ಕತೆ ಹೇಳುತ್ತೇನೆ. ಹೂಂಗುಟ್ಟುತ್ತಿರು. ಕೇಳುವವನು ಹೂಂ ಅನ್ನದೆ ಹೋದರೆ ನನಗೆ ಕತೆ ಮುಂದಕ್ಕೆ ಹೋಗುವುದಿಲ್ಲ."

"ಹೂಂ" ಎಂದು ಮರುಳಯ್ಯ ಗೋಡೆಗೆ ಒರಗಿ ಕೂತ. ಹೂಂ ಅನ್ನುವುದು ಅವನಿಗೆ ಹೊಸ ಕೆಲಸವೇನಾಗಿರಲಿಲ್ಲ. ಬೆಳಗಾದರೆ ಅವನು ಮಾಡುತ್ತಿದ್ದದ್ದೇ ಅದು.

ಗುರುಗಳು ಕತೆ ಶುರುಮಾಡಿದರು.

ಒಂದು ಊರಿನ ಹೊರಗೆ ಒಂದು ಆಲೆಮನೆ ಇತ್ತು. ಕಬ್ಬು ಅರೆದು, ಹಾಲು ತೆಗೆದು, ಬೆಲ್ಲ ಕಾಯಿಸುವ ಜಾಗ. ಸುತ್ತಲಿನ ರೈತರು ತಮ್ಮ ತಮ್ಮ ಸರದಿಗೆ ಕಬ್ಬು ತಂದು ಸುರಿಯುತ್ತಿದ್ದರು. ಅಲ್ಲೊಬ್ಬ ಪಾಕದವನಿದ್ದ. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು, ಗಟ್ಟಿಯಾಗುತ್ತ ಬಂದು, ಬೆಲ್ಲ ಕಟ್ಟುವ ಹದ ಮುಟ್ಟುವ ಗಳಿಗೆಯನ್ನು ಹೇಳುವುದೇ ಅವನ ಕೆಲಸ. ಆ ಗಳಿಗೆ ತಪ್ಪಬಾರದು. ಮುಂಚೆ ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ, ಜೋನಿಯಾಗಿ ಹರಿಯುತ್ತದೆ. ತಡಮಾಡಿದರೆ ಸೀದು ಕಹಿಯಾಗುತ್ತದೆ. ಎರಡರಲ್ಲಿ ಯಾವುದಾದರೂ ರೈತನ ಬೆವರು ಮಣ್ಣುಪಾಲು.

ಪಾಕದವ ಕೊಪ್ಪರಿಗೆಯ ಪಕ್ಕದಲ್ಲಿ ನಿಲ್ಲುತ್ತಿದ್ದ. ಆಳುಗಳು ಕೊಪ್ಪರಿಗೆಯ ಬಳೆಗಳಿಗೆ ಗಳ ತೂರಿಸಿ, ಹೆಗಲು ಕೊಟ್ಟು ಕಾಯುತ್ತಿದ್ದರು. ಅವನು ಮಾತು ಕಡಿಮೆಯವನು. ಹದ ಬಂದಾಗ ಹೂಂ ಅನ್ನುತ್ತಿದ್ದ, ಅಷ್ಟೇ. ಕೊಪ್ಪರಿಗೆ ಒಲೆಯಿಂದ ಏಳುತ್ತಿತ್ತು. ಅವನ ಹೂಂ ತಪ್ಪಿತೆಂದು ಯಾರೂ ಹೇಳಿದ್ದಿಲ್ಲ. ಹತ್ತಿರದ ಆಲೆಮನೆಗಳನ್ನು ಬಿಟ್ಟು ಜನ ಗಾಡಿ ಕಟ್ಟಿಕೊಂಡು ಅಲ್ಲಿಗೇ ಬರುತ್ತಿದ್ದರು.

"ಹೂಂ" ಎಂದ ಮರುಳಯ್ಯ.

ಮೊದಮೊದಲು ಆಳುಗಳು ಕೊಪ್ಪರಿಗೆಯನ್ನೂ ನೋಡುತ್ತಿದ್ದರು, ಅವನ ಮುಖವನ್ನೂ ನೋಡುತ್ತಿದ್ದರು. ಬರಬರುತ್ತ ಅವನ ಬಾಯನ್ನು ಮಾತ್ರ ನೋಡತೊಡಗಿದರು. ಕುದಿಯುವುದು ಕೊಪ್ಪರಿಗೆಯಲ್ಲಿ, ಕಣ್ಣು ಅವನ ತುಟಿಯ ಮೇಲೆ. ಅವನು ಆಕಳಿಸಿದರೂ ಗಳ ಹಿಡಿದವರ ಹೆಗಲು ಒಮ್ಮೆ ಮೇಲೇಳುತ್ತಿತ್ತು.

ಪಾಕದವನಿಗೆ ವಯಸ್ಸಾಗುತ್ತ ಬಂತು. ಕಬ್ಬಿನ ಕಾಲ ಶುರುವಾದರೆ ಒಲೆ ಆರುವಂತಿಲ್ಲ, ಅವನು ಕದಲುವಂತಿಲ್ಲ. ಊಟಕ್ಕೆ ಕೂತರೆ ಅರ್ಧಕ್ಕೆ ಎಬ್ಬಿಸುತ್ತಿದ್ದರು. ಕೈತೊಳೆದು ಬಂದು ಹೂಂ ಅಂದು ಮತ್ತೆ ಹೋಗಿ ಕೂರುವಷ್ಟರಲ್ಲಿ ಮುದ್ದೆ ಆರಿ ಕಲ್ಲಾಗಿರುತ್ತಿತ್ತು. ಮಧ್ಯಾಹ್ನ ಬೇವಿನ ಮರದ ಕೆಳಗೆ ಅಡ್ಡಾದರೆ ಅಲ್ಲಿಗೂ ಬಂದು ಭುಜ ಅಲುಗಿಸುತ್ತಿದ್ದರು. ಏಳಲಾರದೆ ಅವನು ಕಣ್ಣು ಮುಚ್ಚಿಕೊಂಡೇ ಹೂಂ ಅಂದು ಮಗ್ಗುಲಾಗುತ್ತಿದ್ದ. ಅವರು ಹೋಗಿ ಕೊಪ್ಪರಿಗೆ ಇಳಿಸುತ್ತಿದ್ದರು. ಬೆಲ್ಲ ಎಂದಿನಂತೆಯೇ ಚೆನ್ನಾಗಿ ಕಟ್ಟುತ್ತಿತ್ತು. ಕೊಪ್ಪರಿಗೆಯತ್ತ ತಿರುಗಿಯೂ ನೋಡದೆ ಅಂದ ಹೂಂ ಹೇಗೆ ಸರಿಹೋಯಿತೆಂದು ಅವನು ಯೋಚಿಸಲಿಲ್ಲ. ತನ್ನ ಹೂಂ ಅಂಥದ್ದು ಎಂದುಕೊಂಡ.

ಬಂದವರೆದುರು ಅವನು ಗೊಣಗುತ್ತಿದ್ದ. ನಾನೊಬ್ಬ ಇಲ್ಲದಿದ್ದರೆ ಇಲ್ಲಿ ಒಂದು ಅಚ್ಚು ಬೆಲ್ಲ ಏಳುವುದಿಲ್ಲ, ಇವರನ್ನು ಕಟ್ಟಿಕೊಂಡು ಸಾಕಾಯಿತು ಅನ್ನುತ್ತಿದ್ದ. ಸಾಕಾಗಿದ್ದೂ ನಿಜ. ಹಾಗೆಂದು ಹೇಳಿಕೊಳ್ಳುವಾಗ ಒಳಗೊಳಗೇ ಒಂದಿಷ್ಟು ಸುಖವಾಗುತ್ತಿದ್ದದ್ದೂ ನಿಜ.

ಮರುಳಯ್ಯ ಹೂಂ ಅನ್ನುವುದು ಒಂದು ಗಳಿಗೆ ತಡವಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ಕರಿಬಸವ ಬಂದು ನಿಂತ. ಅಡುಗೆಮನೆಯಲ್ಲಿ ಮರುಳಯ್ಯನ ಕೈಕೆಳಗೆ ಬಹಳ ಕಾಲದಿಂದ ಇದ್ದವನು.

"ಅಯ್ಯಾ, ಬೇಳೆ ಬೆಂದೈತೆ. ಇಳಿಸ್ಲಾ?"

"ಹೂಂ," ಎಂದ ಮರುಳಯ್ಯ. ಕರಿಬಸವ ಹೋದ. ಮರುಳಯ್ಯ ಗುರುಗಳ ಕಡೆ ತಿರುಗಿ, ನೋಡಿದಿರಲ್ಲ ಎಂಬಂತೆ ಕೈ ಚೆಲ್ಲಿದ. ಗುರುಗಳು ಕತೆಯನ್ನು ಮುಂದುವರಿಸಿದರು.

ಪಾಕದವನಿಗೆ ಒಬ್ಬ ಅಕ್ಕ ಇದ್ದಳು. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು. ಕೆರೆ ದಾಟಿ ಆಚೆಯ ಊರಿನಲ್ಲಿದ್ದಳು. ಆ ವರ್ಷ ಕಬ್ಬಿನ ಕಾಲದಲ್ಲೇ ಅವಳು ಹಾಸಿಗೆ ಹಿಡಿದಳು. ದಿನದಿನಕ್ಕೂ ಸವೆಯುವ ಕಾಯಿಲೆ. ತಮ್ಮನನ್ನು ಒಂದು ಸಲ ನೋಡಬೇಕೆಂದು ಹೇಳಿ ಕಳಿಸಿದಳು.

ಈ ಕೊಪ್ಪರಿಗೆ ಇಳಿಯಲಿ, ಹೊರಡುತ್ತೇನೆ ಎಂದ ಪಾಕದವ. ಅದು ಇಳಿಯಿತು, ಇನ್ನೊಂದು ಏರಿತು. ಈ ರೈತನ ಕಬ್ಬು ಮುಗಿಯಲಿ ಎಂದ. ಅದು ಮುಗಿಯಿತು, ಇನ್ನೊಬ್ಬ ರೈತನ ಗಾಡಿ ಬಂತು. ಅಕ್ಕ ಮತ್ತೆ ಹೇಳಿ ಕಳಿಸಿದಳು. ಈ ಸಲ ಬಾ ಎಂದು ಕರೆದಿರಲಿಲ್ಲ, ಅವನು ಸರಿಯಾಗಿ ಊಟ ಮಾಡುತ್ತಿದ್ದಾನೆಯೇ ಎಂದು ಕೇಳಿದ್ದಳು. ಅದನ್ನು ಕೇಳಿ ಪಾಕದವನಿಗೆ ನಿಲ್ಲಲಾಗಲಿಲ್ಲ. ಹೆಗಲಿಗೆ ವಸ್ತ್ರ ಹಾಕಿಕೊಂಡು ಒಲೆಯವನನ್ನು ಕರೆದ.

ಒಲೆಯವ ಎಂದರೆ ಕೊಪ್ಪರಿಗೆಯ ಕೆಳಗೆ ಉರಿ ಹಾಕುವವನು. ಪಾಕದವ ಆಲೆಮನೆಗೆ ಬಂದ ಕಾಲದಿಂದ ಅವನೂ ಅಲ್ಲೇ ಇದ್ದ. ಹಾಲು ಯಾವಾಗ ಉಕ್ಕುತ್ತದೆ, ಯಾವಾಗ ಪಾಕದ ವಾಸನೆ ಏಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಅಷ್ಟು ಕಾಲ ಅಲ್ಲಿ ಕೂತ ಯಾರಿಗಾದರೂ ಗೊತ್ತಾಗುತ್ತದೆ.

"ನೋಡಿಕೊ," ಎಂದ ಪಾಕದವ.

"ಆಯ್ತು," ಎಂದ ಒಲೆಯವ.

ಪಾಕದವ ಬಿರಬಿರನೆ ನಡೆದ. ಕೆರೆಯ ಏರಿಯ ಮೇಲೆ ಒಂದು ಹುಣಸೆಮರ. ಅಲ್ಲಿಗೆ ಅರ್ಧ ದಾರಿ. ಮರದ ಹತ್ತಿರ ಬರುವಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದ್ದು ಕೇಳಿತು. ಒಲೆಯವ ಏದುಸಿರು ಬಿಡುತ್ತ ಓಡಿಬರುತ್ತಿದ್ದ.

"ಪಾಕ ಬಂತು! ಪಾಕ ಬಂತು, ಬೇಗ ಬನ್ನಿ!"

ಇಬ್ಬರೂ ಹಿಂದಕ್ಕೆ ಓಡಿದರು. ಆಲೆಮನೆಯಲ್ಲಿ ಆಳುಗಳು ಗಳಕ್ಕೆ ಹೆಗಲು ಕೊಟ್ಟುಕೊಂಡು, ಕೊಪ್ಪರಿಗೆಯ ಸುತ್ತ ಇದ್ದಲ್ಲೇ ನಿಂತಿದ್ದರು. ಹೊಗೆಗೆ ಕೆಮ್ಮುತ್ತಿದ್ದರು, ಆದರೆ ಜಾಗ ಬಿಟ್ಟಿರಲಿಲ್ಲ. ಕೊಪ್ಪರಿಗೆಯಲ್ಲಿದ್ದದ್ದು ಸೀದು ಕರಿಯ ಹೆಂಟೆಯಾಗಿತ್ತು. ಕಬ್ಬು ತಂದಿದ್ದ ರೈತ ತಲೆಯ ಮೇಲೆ ಕೈಹೊತ್ತು ನೆಲಕ್ಕೆ ಕುಸಿದಿದ್ದ.

ಪಾಕದವನ ಮೈ ಉರಿದುಹೋಯಿತು. ಪಾಕ ಬಂತೆಂದು ನಿನಗೆ ತಿಳಿದಿತ್ತಲ್ಲ, ನನಗೆ ಹೇಳಲು ಅಷ್ಟು ದೂರ ಓಡಿಬಂದೆಯಲ್ಲ, ಅದರ ಬದಲು ಇಳಿಸಬಾರದಾಗಿತ್ತೇ ಎಂದು ಕೂಗಾಡಿದ.

"ನೀವು ಹೂಂ ಅನ್ಲಿಲ್ವಲ್ಲ," ಎಂದ ಒಲೆಯವ. "ನೋಡಿಕೊ ಅಂದ್ರಿ. ನೋಡಿಕೊಂಡಿದ್ವಿ."

ಮರುಳಯ್ಯ ತಡೆಯಲಾರದೆ ನಡುವೆ ಬಾಯಿ ಹಾಕಿದ.

"ಎಂಥ ಮನುಷ್ಯ ಗುರುಗಳೇ ಆ ಒಲೆಯವ! ಕಣ್ಣೆದುರಿಗೆ ಇದ್ದದ್ದನ್ನು ಇಳಿಸುವುದು ಬಿಟ್ಟು ಅರ್ಧ ದಾರಿ ಓಡಿಬಂದನಲ್ಲ. ಇಂಥವರನ್ನು ಇಟ್ಟುಕೊಂಡು ಯಾರು ತಾನೇ ಏನು ಮಾಡಲು ಸಾಧ್ಯ?"

"ಅಯ್ಯಾ," ಎಂದ ಬಾಗಿಲಲ್ಲಿ ಕರಿಬಸವ. "ಪಲ್ಯ ಆಗೈತೆ. ಇಳಿಸ್ಲಾ?"

"ಹೂಂ, ಹೂಂ. ಇಳಿಸು," ಎಂದು ಮರುಳಯ್ಯ ಅವನನ್ನು ಕೈಬೀಸಿ ಕಳಿಸಿ, ಗುರುಗಳ ಕಡೆ ತಿರುಗಿದ. "ಆಮೇಲೆ?"

ಗುರುಗಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮುಂದಿನದನ್ನು ಹೇಳಿದರು.

ಆ ದಿನ ಪಾಕದವ ಅಕ್ಕನ ಊರಿಗೆ ಹೋಗಲಿಲ್ಲ. ಸೀದ ಕೊಪ್ಪರಿಗೆಯನ್ನು ಆಳುಗಳು ಉಜ್ಜುತ್ತಿದ್ದರು, ಅವನು ಬೇವಿನ ಮರದ ಕೆಳಗೆ ಕೂತಿದ್ದ. ಸಿಟ್ಟು ಇಳಿದ ಮೇಲೆ ಅವನಿಗೆ ಒಂದು ಹಳೆಯ ದಿನ ನೆನಪಾಯಿತು. ಆಗ ಇಬ್ಬರೂ ಹರೆಯದವರು. ಅವನಿಗಿಂತ ಮೊದಲೇ ಒಲೆಯವ ಪಾಕ ಬಂತು ಎಂದು ಕೂಗಿಬಿಟ್ಟಿದ್ದ. ಪಾಕ ಬಂದೂ ಇತ್ತು, ಪಾಕದವನಿಗೂ ಅದು ಗೊತ್ತಾಗಿತ್ತು. ಆದರೂ ಅವನು ಒಲೆಯವನ ಮುಖ ನೋಡಿ, ಒಂದು ಉಸಿರು ತಡೆದು, ಆಮೇಲೆ ಹೂಂ ಎಂದಿದ್ದ. ಆ ಒಂದು ಉಸಿರಿನಿಂದ ಬೆಲ್ಲಕ್ಕೆ ಏನೂ ಆಗಲಿಲ್ಲ. ಒಲೆಯವನಿಗೆ ಆಯಿತು. ಅಂದಿನಿಂದ ಅವನು ಪಾಕದ ವಿಷಯಕ್ಕೆ ಬಾಯಿ ತೆರೆದವನಲ್ಲ.

ಅದು ನೆನಪಾಗಿ ಪಾಕದವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆಯಾಸವಾಯಿತು. ಇಷ್ಟು ವರ್ಷ ಅವನನ್ನು ಊಟದಿಂದ ಎಬ್ಬಿಸಿದ್ದು, ನಿದ್ದೆಯಿಂದ ಎಬ್ಬಿಸಿದ್ದು, ಈಗ ಅಕ್ಕನ ದಾರಿಯಿಂದ ಹಿಂದಕ್ಕೆ ಕರೆಸಿದ್ದು ಆ ಒಂದು ಉಸಿರೇ.

ಮರುದಿನ ಅವನು ಆಳುಗಳನ್ನು ಕರೆದು, ಇನ್ನು ಮೇಲೆ ನಾನು ಹೂಂ ಅನ್ನುವುದಿಲ್ಲ, ನೀವೇ ನೋಡಿ ಇಳಿಸಿ ಎಂದ. ಅವರು ತಲೆಯಾಡಿಸಿದರು. ಕೊಪ್ಪರಿಗೆ ಕುದಿಯಿತು. ಅವನು ಬಾಯಿ ಬಿಗಿಹಿಡಿದು ನಿಂತ. ಹೊಗೆಗೆ ಗಂಟಲು ಕೆರೆದು ಕೆಮ್ಮಿದ. ಕೊಪ್ಪರಿಗೆ ಒಲೆಯಿಂದ ಇಳಿದೇಬಿಟ್ಟಿತು. ಅವನು ಕೆಮ್ಮುವುದನ್ನು ಬಿಟ್ಟ. ಆಗ ಅವನ ಹುಬ್ಬು ನೋಡಿ ಇಳಿಸಿದರು. ಅವನು ಬೆನ್ನು ತಿರುಗಿಸಿ ಕೂತ. ಬೆನ್ನು ನೋಡಿ ಇಳಿಸಿದರು. ಪಾಕವನ್ನು ನೋಡುವುದಕ್ಕಿಂತ ಅವನನ್ನು ನೋಡುವುದು ಅವರಿಗೆ ಚೆನ್ನಾಗಿ ರೂಢಿಯಾಗಿತ್ತು.

ಹಾಗಾದರೆ ಒಬ್ಬನಿಗೆ ಅಧಿಕಾರ ಕೊಡುತ್ತೇನೆ ಎಂದುಕೊಂಡ. ಎಲ್ಲರೆದುರಿಗೆ ಒಲೆಯವನ ಹೆಗಲ ಮೇಲೆ ಕೈಯಿಟ್ಟು, ಇವತ್ತಿನಿಂದ ಹೂಂ ಅನ್ನುವವನು ಇವನು ಎಂದು ಸಾರಿದ. ಒಲೆಯವ ಹೂಂ ಎಂದ. ಆಳುಗಳು ಕದಲಲಿಲ್ಲ, ಪಾಕದವನ ಕಡೆ ನೋಡಿದರು. ಪಾಕ ಸರಿಯಾಗಿಯೇ ಬಂದಿತ್ತು. ಅವನಿಗೇ ತಿಳಿಯದಂತೆ ಅವನ ತಲೆ ಆಡಿತು. ಕೊಪ್ಪರಿಗೆ ಇಳಿಯಿತು. ಯಾರ ಮಾತಿಗೆ ಇಳಿಯಿತೆಂದು ಒಲೆಯವನಿಗೂ ಗೊತ್ತಾಯಿತು, ಅವನು ಪೆಚ್ಚುಮುಖ ಹಾಕಿಕೊಂಡು ಉರಿಯ ಮುಂದೆ ಹೋಗಿ ಕೂತ.

ಇತ್ತ ಅಕ್ಕನ ಊರಿನಿಂದ ಬಂದವರು, ಅವಳಿಗೆ ಈಗ ಗಂಜಿಯೂ ಸೇರುತ್ತಿಲ್ಲ ಎಂದರು. ಹೊರಟರೆ ಒಬ್ಬ ರೈತ ಹಾಳಾಗುತ್ತಾನೆ, ಹೊರಡದಿದ್ದರೆ ಅಕ್ಕ ಹೋಗುತ್ತಾಳೆ. ಸಂಜೆಯವರೆಗೂ ಅವನಿಗೆ ಏನೂ ತೋಚಲಿಲ್ಲ.

"ಹೂಂ," ಎಂದ ಮರುಳಯ್ಯ. ಅವನ ದನಿ ಕೆಳಗಿಳಿದಿತ್ತು.

ಮರುದಿನ ಬೆಳಿಗ್ಗೆ ಕೊಪ್ಪರಿಗೆ ಏರಿದಾಗ ಪಾಕದವ ತನ್ನ ಜಾಗದಲ್ಲಿ ನಿಲ್ಲಲಿಲ್ಲ. ಗಳದ ತುದಿಗೆ ಹೋಗಿ, ಒಬ್ಬ ಆಳನ್ನು ಪಕ್ಕಕ್ಕೆ ಸರಿಸಿ, ತನ್ನ ಹೆಗಲು ಕೊಟ್ಟ. ಗಳ ಹೊತ್ತವನ ತಲೆ ತಗ್ಗಿರುತ್ತದೆ. ಹೊಗೆ ನೇರ ಕಣ್ಣಿಗೆ ಬರುತ್ತದೆ. ಅಲ್ಲಿಂದ ಕೊಪ್ಪರಿಗೆಯ ಒಳಗೆ ಏನಾಗುತ್ತಿದೆ ಎಂದು ಸರಿಯಾಗಿ ಕಾಣುವುದಿಲ್ಲ. ಅವನು ತಲೆ ತಗ್ಗಿಸಿಕೊಂಡೇ ಒಲೆಯವನನ್ನು ಕೇಳಿದ.

"ಏನಪ್ಪಾ, ಇಳಿಸೋಣ್ವಾ?"

ಒಲೆಯವ ತಬ್ಬಿಬ್ಬಾದ. ಅವನ ಜೀವಮಾನದಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ಅವನು ಆಳುಗಳ ಕಡೆ ನೋಡಿದ, ಅವರು ಪಾಕದವನ ಕಡೆ ನೋಡಿದರು. ಪಾಕದವ ಕಣ್ಣು ಮುಚ್ಚಿಕೊಂಡಿದ್ದ. ಯಾರ ಮುಖದಲ್ಲೂ ಏನೂ ಸಿಕ್ಕದೆ ಒಲೆಯವ ಕಡೆಗೆ ಕೊಪ್ಪರಿಗೆಯ ಕಡೆಗೇ ನೋಡಬೇಕಾಯಿತು. ಗಾಬರಿಯಲ್ಲಿ ಹೂಂ ಎಂದುಬಿಟ್ಟ. ಇಳಿಸಿದರು.

ಮುಂಚೆಯಾಗಿತ್ತು. ಬೆಲ್ಲ ಕಟ್ಟಲಿಲ್ಲ. ಅಚ್ಚಿಗೆ ಹೊಯ್ದದ್ದೆಲ್ಲ ಜೋನಿಯಾಗಿ ನೆಲಕ್ಕೆ ಹರಿಯಿತು, ಇರುವೆ ಮುತ್ತಿತು. ರೈತ ರೇಗಿಬಿಟ್ಟ. ಹೂಂ ಅಂದವನು ಯಾರು ಎಂದು ಕೇಳಿದ. ಒಲೆಯವ ಕೊಪ್ಪರಿಗೆಯ ಹಿಂದಕ್ಕೆ ಸರಿದ.

"ಇಳಿಸಿದ್ದು ನಾನು," ಎಂದ ಪಾಕದವ. ಸುಳ್ಳೇನಲ್ಲ. ಗಳದ ತುದಿ ಅವನ ಹೆಗಲ ಮೇಲೇ ಇತ್ತು.

ಸುದ್ದಿ ಹರಡಿತು. ಮುದುಕನ ಹದ ತಪ್ಪಿತು ಎಂದು ಜನ ಆಡಿಕೊಂಡರು. ದೂರದಿಂದ ಬರುತ್ತಿದ್ದ ಗಾಡಿಗಳು ಬೇರೆ ಆಲೆಮನೆಗೆ ತಿರುಗಿಕೊಂಡವು. ಪಾಕದವನಿಗೆ ಅದು ಬಹಳ ನೋವಾಯಿತು. ಬದುಕಿಡೀ ನಿಂತು ಗಳಿಸಿದ ಹೆಸರು ಅದೊಂದೇ. ಉಣ್ಣಲು ಕೂತವನು ಮುದ್ದೆ ಮುಟ್ಟದೆ ಎದ್ದ. ಮೊದಲು ಎಬ್ಬಿಸಿ ಊಟ ಕೆಡಿಸುತ್ತಿದ್ದರು, ಈಗ ಯಾರೂ ಎಬ್ಬಿಸದೆಯೇ ಊಟ ಕೆಟ್ಟಿತು.

ಆದರೂ ಮಾರನೆಯ ದಿನ ಮತ್ತೆ ಹೋಗಿ ಗಳಕ್ಕೆ ಹೆಗಲು ಕೊಟ್ಟ. ಈ ಸಲ ಕುದಿಯುವ ಸದ್ದಿನಿಂದಲೇ ಪಾಕ ಬಂತೆಂದು ಅವನಿಗೆ ತಿಳಿದುಹೋಯಿತು. ಒಲೆಯವ ಮಾತಾಡಲಿಲ್ಲ. ನಿನ್ನೆ ಸುಟ್ಟ ಬಾಯಿ, ಅನುಮಾನ ಪಡುತ್ತಿತ್ತು. ಹೂಂ ಎಂಬ ಸದ್ದು ಪಾಕದವನ ಗಂಟಲವರೆಗೆ ಬಂತು. ತುಟಿ ಕಚ್ಚಿ ನುಂಗಿದ. ಅವನು ಅಂಥ ಭಾರವನ್ನು ಎಂದೂ ಹೊತ್ತಿರಲಿಲ್ಲ, ಕೊಪ್ಪರಿಗೆ ಅದರ ಮುಂದೆ ಏನೂ ಅಲ್ಲ. ಕಡೆಗೆ ಒಲೆಯವ ಹೂಂ ಎಂದ. ಬೆಲ್ಲ ಸ್ವಲ್ಪ ಕಪ್ಪಾಯಿತು, ಆದರೆ ಕಟ್ಟಿತು. ಒಲೆಯವ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಪಾಕದವನನ್ನು ಕೇಳದೆ ತಾನಾಗಿಯೇ, ಉರಿ ಕಡಿಮೆ ಮಾಡಬೇಕಾಗಿತ್ತು ಎಂದ.

ಹೀಗೇ ದಿನ ಕಳೆಯಿತು. ಕೆಲವು ಕೊಪ್ಪರಿಗೆ ಕೆಟ್ಟವು, ಬಹಳಷ್ಟು ಚೆನ್ನಾಗಿ ಬಂದವು. ಕೆಟ್ಟಾಗ ಪಾಕದವ ಮುಂದೆ ಬಂದು ಬೈಗುಳ ತಿಂದ. ಒಳ್ಳೆಯದಾದಾಗ ಗಳದ ತುದಿಯಲ್ಲೇ ಉಳಿದ. ಬೇಗ ಕಲಿಯಲಿ ದೇವರೇ ಎಂದು ಮನಸ್ಸಿನಲ್ಲೇ ಮೊರೆಯಿಡುತ್ತಿದ್ದ. ಅಕ್ಕನಿಗೆ ಹೆಚ್ಚು ದಿನ ಉಳಿದಿರಲಿಲ್ಲ.

ಒಂದು ದಿನ ಅವನು ಕೈಕಾಲು ತೊಳೆಯಲು ಬಾವಿಗೆ ಹೋಗಿದ್ದ. ಹಿಂದಿರುಗಿ ಬಂದಾಗ ಕೊಪ್ಪರಿಗೆ ಒಲೆಯ ಮೇಲಿರಲಿಲ್ಲ. ಪಾಕ ಅಚ್ಚಿಗೆ ಬಿದ್ದು, ಬಣ್ಣ ತಿರುಗಿ, ಹದವಾಗಿ ಕಟ್ಟುತ್ತಿತ್ತು. ಗಳದ ತುದಿಗೆ ಬೇರೊಬ್ಬ ನಿಂತಿದ್ದ. ಒಲೆಯವ ಆಳುಗಳಿಗೆ ಏನೋ ಹೇಳಿ ನಗಿಸುತ್ತಿದ್ದ. ಪಾಕದವ ಬಂದದ್ದನ್ನು ಯಾರೂ ಗಮನಿಸಲಿಲ್ಲ.

ಅವನು ಬಯಸಿದ್ದು ಇದನ್ನೇ. ಆದರೆ ಕಂಡಾಗ ಯಾರೋ ಕೆನ್ನೆಗೆ ಹೊಡೆದಂತಾಯಿತು. ನನ್ನನ್ನು ಕೇಳಲೇ ಇಲ್ಲವಲ್ಲ ಎಂದುಕೊಂಡ. ಸ್ವಲ್ಪ ಹೊತ್ತು ಒದ್ದೆ ಕೈಯಲ್ಲೇ ನಿಂತಿದ್ದ. ಆಮೇಲೆ ಗೂಟದಿಂದ ವಸ್ತ್ರ ತೆಗೆದುಕೊಂಡು, ಯಾರಿಗೂ ನೋಡಿಕೊ ಎಂದು ಹೇಳದೆ ಹೊರಟ.

ಏರಿಯ ಮೇಲಿನ ಹುಣಸೆಮರದ ಹತ್ತಿರ ಅವನ ಕಾಲು ತಾನಾಗಿ ನಿಂತಿತು. ಹಿಂದಕ್ಕೆ ತಿರುಗಿ ನೋಡಿದ. ದಾರಿ ಖಾಲಿ ಇತ್ತು. ದೂರದಲ್ಲಿ ಆಲೆಮನೆಯ ಹೊಗೆ ಏಳುತ್ತಿತ್ತು. ಅವನು ಕಾದ. ಯಾರೂ ಓಡಿ ಬರಲಿಲ್ಲ, ಯಾರೂ ಕೂಗಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ಅದು ನೆಮ್ಮದಿಗೋ ಸಂಕಟಕ್ಕೋ ಎಂದು ಅವನಿಗೂ ತಿಳಿಯಲಿಲ್ಲ. ಕಣ್ಣೊರೆಸಿಕೊಂಡು ಏರಿ ಇಳಿದ.

ಅಕ್ಕ ಇನ್ನೂ ಇದ್ದಳು. ಮೂಳೆ ಚರ್ಮವಾಗಿದ್ದಳು, ಆದರೂ ಅವನ ಗುರುತು ಹಿಡಿದಳು.

"ಬಂದ್ಯಾ ತಮ್ಮಾ? ಅಲ್ಲಿ ಯಾರು ನೋಡ್ಕೊತಾ ಅವರೆ?"

"ಯಾರೂ ನೋಡ್ಕೊತಾ ಇಲ್ಲ ಕಣಕ್ಕಾ. ಮಾಡ್ತಾ ಅವ್ರೆ."

ಅವಳು ಅವನ ಕೈ ಹಿಡಿದುಕೊಂಡಳು. ಅವನು ಅವಳ ಪಕ್ಕದಲ್ಲೇ ನೆಲದ ಮೇಲೆ ಮಲಗಿದ. ನಿದ್ದೆ ಬಂತು. ಅವನ ಭುಜವನ್ನು ಯಾರೂ ಅಲುಗಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಎಷ್ಟು ಹೊತ್ತಿನಿಂದ ಹೂಂ ಅನ್ನುವುದನ್ನು ಬಿಟ್ಟಿದ್ದನೆಂದು ಅವನಿಗೇ ಗೊತ್ತಿರಲಿಲ್ಲ. ಕತೆ ಅವನ ಹೂಂ ಇಲ್ಲದೆಯೇ ಮುಗಿದಿತ್ತು.

ಅವನು ತನ್ನ ಕೈಗಳನ್ನು ನೋಡಿಕೊಳ್ಳುತ್ತ ಕೂತಿದ್ದ. ಬಾಗಿಲಲ್ಲಿ ನೆರಳಾಡಿತು.

"ಅಯ್ಯಾ, ಅನ್ನ ಬೆಂದೈತೆ. ಬಸೀಲಾ?"

ಮರುಳಯ್ಯನ ತುಟಿ ತೆರೆಯಿತು, ಅಲ್ಲೇ ನಿಂತಿತು. ಅವನು ತಲೆಯೆತ್ತಿ ಕರಿಬಸವನನ್ನು ನೋಡಿದ. ಕರಿಬಸವನ ತಲೆಯೂ ನರೆತಿತ್ತು. ಅವನ ಕಣ್ಣೂ ಹೊಗೆಗೆ ಕೆಂಪಾಗಿತ್ತು. ಮಠಕ್ಕೆ ಇಬ್ಬರೂ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಬಂದವರು. ಇವನು ಏನನ್ನು ಬಯಸಿ ಬಂದಿದ್ದನೆಂದು ಮರುಳಯ್ಯ ಒಂದು ದಿನವೂ ಕೇಳಿರಲಿಲ್ಲ. ಕರಿಬಸವ ಬಾಗಿಲ ಚೌಕಟ್ಟಿಗೆ ಕೈಯೊತ್ತಿ, ಅವನ ಬಾಯನ್ನೇ ನೋಡುತ್ತ ಕಾಯುತ್ತಿದ್ದ.

"ಬಿಡುಗಡೆ ಕೇಳಿ ಬಂದವನು ನೀನೊಬ್ಬನೇ ಅಲ್ಲ ಮರುಳಯ್ಯ," ಎಂದರು ಗುರುಗಳು, "ಬಾಗಿಲಲ್ಲಿ ನಿಂತವನೂ ಅದನ್ನೇ ಕೇಳುತ್ತಿದ್ದಾನೆ."

ಮರುಳಯ್ಯ ಹೂಂ ಅನ್ನಲಿಲ್ಲ.